ಆರುನೂರ ನಲವತ್ತನೆಯ ಸಾಲು

ಆ ಶನಿವಾರ ಬೆಳಿಗ್ಗೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದಿತ್ತು. ಊರಿನ ಚಿಮಣಿಗಳ ಹೊಗೆ ನೆಟ್ಟಗೆ ಮೇಲೇರಿ, ಮುಂದೆ ಹೋಗಲು ಅಪ್ಪಣೆ ಸಿಗದವರಂತೆ ಅಲ್ಲೇ ನಿಂತಿತ್ತು. ರಾತ್ರಿಯಿಡೀ ಕಾರಿನ ಎಂಜಿನ್ನಿಗೆ ಅದನ್ನು ಬಿಸಿಯಾಗಿಡುವ ಕರೆಂಟಿನ ವಯರು ಸಿಕ್ಕಿಸಿಟ್ಟಿದ್ದರೂ ಮೂರನೆಯ ಸಲಕ್ಕೆ ಅದು ಕೆಮ್ಮಿ ಎದ್ದಿತು. ವಿಸ್ಕಾನ್ಸಿನ್ನಿನ ಈ ಉತ್ತರದ ಮೂಲೆಯಲ್ಲಿ ಫೆಬ್ರವರಿ ಹೀಗೆಯೇ. ದೇವರು ಲೋಕವನ್ನು ಮಾಡಿ ಮುಗಿಸಿ, ಇನ್ನೂ ಅದಕ್ಕೆ ಉಸಿರೂದದೆ ನೋಡುತ್ತ ಕುಳಿತಂತೆ ಇರುತ್ತದೆ. ಹಿಂದಿನ ಸೀಟಿನಲ್ಲಿ ಊಟಕ್ಕೆಂದು ಮಾಂಸ ತರಕಾರಿ ಸೇರಿಸಿ ಬೇಯಿಸಿದ ಹಾಟ್‌ಡಿಶ್‌ನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಟ್ಟುಕೊಂಡು, ದಾರಿಯುದ್ದಕ್ಕೂ ಪ್ರಾರ್ಥನೆ ಮಾಡುತ್ತ ನಾನು ಚರ್ಚಿಗೆ ಹೋದೆ.

ನನ್ನ ಪ್ರಾರ್ಥನೆ ಒಂದೇ ಆಗಿತ್ತು. ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಸರಿಯಾಗಿ ಹೇಳುವ ಶಕ್ತಿ ಕೊಡು ಎಂದು ಕೇಳಿಕೊಳ್ಳುತ್ತಿದ್ದೆ.

ನನ್ನ ಹೆಸರು ಆರ್ಲಿಸ್. ಐವತ್ತು ವರ್ಷದಿಂದ ಈ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೇನೆ. ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಂದು ಶನಿವಾರ ನಮ್ಮ ಕಂಪ್ಯೂಟರ್ ಕೂಟ ಸೇರುತ್ತದೆ. ಹಳೆಯ ಕಂಪ್ಯೂಟರುಗಳು, ಹಳೆಯ ಜನ. ಒಂದು ಕಾಲಕ್ಕೆ ಅರವತ್ತು ಜನರಿದ್ದೆವು, ಈಗ ಹದಿನಾಲ್ಕು.

ಆ ಯಂತ್ರಗಳನ್ನು ಕಂಡವರಿಗಷ್ಟೇ ಆ ಮೋಡಿ ಗೊತ್ತು. ಮನೆಗೆ ತಂದು ಟೀವಿಗೆ ಸಿಕ್ಕಿಸಿದರೆ ಅದು ಏನನ್ನೂ ತೋರಿಸುತ್ತಿರಲಿಲ್ಲ. ಖಾಲಿ ನೀಲಿ ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಚೌಕ. ಕಥೆ ಕೇಳಲು ಬಂದು ಕುಳಿತ ಮಗುವಿನ ಹಾಗೆ ಕಾಯುತ್ತಿತ್ತು. ನಾವು ಹೇಳಬೇಕು, ಆಗ ಅದು ಮಾಡಬೇಕು. ಹೇಳುವುದೆಂದರೆ ಸಾಲು ಸಾಲಾಗಿ ಬೆರಳಿನಿಂದ ಒತ್ತುವುದು. ಪ್ರತಿ ಸಾಲಿಗೂ ಒಂದು ಸಂಖ್ಯೆ, ಹತ್ತನೆಯ ಸಾಲು, ಇಪ್ಪತ್ತನೆಯ ಸಾಲು. ಯಂತ್ರದ ಹೊಟ್ಟೆಯ ಭಾಷೆಯಲ್ಲೇ ಮಾತಾಡಬೇಕಾದಾಗ ಪದಗಳೂ ಇರುತ್ತಿರಲಿಲ್ಲ, ಬರೀ ಅಂಕಿಗಳು. ಇನ್ನೂರಾ ಐವತ್ತೈದರ ಒಳಗಿನ ಅಂಕಿಗಳ ರಾಶಿ. ಒಂದು ತಪ್ಪಿದರೆ ಯಂತ್ರ ಕಲ್ಲಾಗುತ್ತಿತ್ತು. ಆ ಮಿಣುಕುವ ಚೌಕವೂ ನಿಂತುಹೋಗುತ್ತಿತ್ತು. ಆರಿಸಿ ಹಚ್ಚುವುದೊಂದೇ ದಾರಿ. ಆರಿಸಿದರೆ ಒತ್ತಿದ್ದೆಲ್ಲ ಹೋಯಿತು.

ಅದಕ್ಕೇ ಜಾಣರು ಓಡಿಸಿ ನೋಡುವ ಮೊದಲು ಕ್ಯಾಸೆಟ್ಟಿಗೆ ತುಂಬಿಟ್ಟುಕೊಳ್ಳುತ್ತಿದ್ದರು. ಆದರೆ ನಮ್ಮ ಕೂಟದಲ್ಲಿ ವರ್ಷಕ್ಕೊಂದು ದಿನ ಹಾಗೆ ಮಾಡುವಂತಿಲ್ಲ. ಫೆಬ್ರವರಿಯ ಸಭೆಗೆ ಓದುವ ಹಬ್ಬ ಎನ್ನುತ್ತೇವೆ. ಕೂಟದ ಹಳೆಯ ಪತ್ರಿಕೆಯಿಂದ ಒಂದು ಪ್ರೋಗ್ರಾಂ ಆಯ್ದು, ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಒಬ್ಬರು ಒತ್ತುತ್ತಾರೆ, ಉಳಿದವರು ಕಾಫಿ ಕುಡಿಯುತ್ತ ಕೇಳುತ್ತಾರೆ. ಟೇಪಿಗೆ ತುಂಬಿಡುವುದಿಲ್ಲ. ಒಂದೇ ಅವಕಾಶ. 'ಇದ್ದದ್ದನ್ನು ಓದು, ಓದಿದ್ದನ್ನು ಒತ್ತು' ಎಂಬುದು ನಿಯಮ. ಮೊದಲಿನಿಂದಲೂ ಒತ್ತುವವನು ಕೂಟ ನಡೆಸುವ ಗೇಲನ್. ಓದುವವಳು ನಾನು.

ಓದುವುದು ನನ್ನ ಪಾಲಿಗೆ ಬಂದದ್ದಕ್ಕೆ ಕಾರಣವಿದೆ. ಕೂಟದ ಪತ್ರಿಕೆಯ ಸ್ಟೆನ್ಸಿಲ್ ಕೊರೆಯುತ್ತಿದ್ದವಳೂ ನಾನೇ. ಜನ ತಮ್ಮ ಪ್ರೋಗ್ರಾಂಗಳನ್ನು ಕೈಬರಹದಲ್ಲಿ ಕೊಡುತ್ತಿದ್ದರು. ನಾನು ಚರ್ಚಿನ ಕಚೇರಿಯ ಟೈಪ್‌ರೈಟರಿನಲ್ಲಿ ಮೇಣದ ಹಾಳೆಯ ಮೇಲೆ ಹೊಡೆದು, ಕೈಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದೆ. ತಪ್ಪು ತಿದ್ದುವ ಕೆಂಪು ದ್ರವದ ಸೀಸೆ ಮೇಜಿನ ಮೇಲೆ ಒಣಗಿ ಹೋಗಿತ್ತು. 'ಆರ್ಲಿಸ್ ಹೊಡೆದದ್ದನ್ನ ಕಣ್ಣು ಮುಚ್ಚಿ ಒತ್ತಬಹುದು' ಎಂದು ಸುತ್ತಮುತ್ತಲ ನಾಲ್ಕು ಊರಿನವರು ಹೇಳುತ್ತಿದ್ದರು. ಅದನ್ನು ಕೇಳಿ ನಾನು ತಲೆ ತಗ್ಗಿಸುತ್ತಿದ್ದೆ, ವಿನಯದಿಂದ. ಆ ವಿನಯ ಎಂಥದೆಂದು ದೇವರಿಗೆ ಗೊತ್ತಿತ್ತು.

ಎಂಬತ್ತಮೂರನೆಯ ಇಸವಿಯ ಜನವರಿಯಲ್ಲಿ ಆರ್ವಿಡ್ ಸ್ಕೋಗೆನ್ ತನ್ನ ಪ್ರೋಗ್ರಾಂ ಇದೆ, ಬಂದು ತೆಗೆದುಕೊಂಡು ಹೋಗು ಎಂದು ಕರೆದ. ಅವನು ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು. ಉಗುರಿನ ಸಂದಿಯಲ್ಲಿ ಸದಾ ಗ್ರೀಸ್. ಅವನ ಹೆಂಡತಿ ಇಂಗಾ ಕಾಫಿ ಕೊಟ್ಟಳು. ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಹಿಮದ ಬಳ್ಳಿ ಹಬ್ಬಿತ್ತು. ಆರ್ವಿಡ್ ಒಂದು ಗುಂಡಿ ಒತ್ತಿದ. ಟೀವಿಯ ಪರದೆಯ ನಾಲ್ಕು ಅಂಚಿನಿಂದಲೂ ಅದೇ ಬಳ್ಳಿ ಚಿಗುರೊಡೆಯಿತು. ಕೊಂಬೆ ಒಡೆದು ಕೊಂಬೆ, ಗರಿ ಒಡೆದು ಗರಿ, ಸದ್ದಿಲ್ಲದೆ ನಡುವಿಗೆ ಬೆಳೆದು ಬಂತು.

"ಇಲ್ಲಿ ನಿಂಗೆ ಬೇಕಾದ ನಂಬರು ಹಾಕು," ಎಂದ.

"ಯಾವುದು?"

"ಯಾವುದಾದ್ರೂ. ನಿನ್ನ ವಯಸ್ಸು ಹಾಕು. ಸುಳ್ಳು ವಯಸ್ಸು ಹಾಕಿದ್ರೂ ಅದು ಬೇಜಾರು ಮಾಡ್ಕೊಳಲ್ಲ."

ಮೂವತ್ತನಾಲ್ಕು ಎಂದು ಒತ್ತಿದೆ. ಬಳ್ಳಿ ಬೇರೆಯೇ ದಾರಿ ಹಿಡಿಯಿತು. ಗುಲಾಬಿ ಬಣ್ಣಕ್ಕೆ ತಿರುಗಿತು. ಈ ಲೋಕದಲ್ಲಿ ಆವರೆಗೆ ಇಲ್ಲದ ಒಂದು ವಸ್ತು ನನ್ನ ಎರಡು ಬೆರಳಿನಿಂದ ಹುಟ್ಟಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಇಂಗಾ ನಕ್ಕಳು. ಅಂಥ ಸಂತೋಷ ನನಗೆ ಆಮೇಲೆ ಯಾವ ಯಂತ್ರದಿಂದಲೂ ಸಿಗಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಯಂತ್ರವಿದೆ. ಅದು ಎಲ್ಲವನ್ನೂ ಮಾಡುತ್ತದೆ, ಆದರೆ ನಮ್ಮನ್ನು ಏನೂ ಕೇಳುವುದಿಲ್ಲ.

ಆರ್ವಿಡ್ ಬರೆದುಕೊಟ್ಟ ಹಾಳೆಗಳು ಐದು. ನಾನು ಹೊಡೆದೆ, ಪ್ರತಿ ತೆಗೆದೆ, ಹಂಚಿದೆ. ಮಾರ್ಚಿಯ ಸಭೆಯಲ್ಲಿ ಅರವತ್ತು ಜನರ ಎದುರು ಪತ್ರಿಕೆ ನೋಡಿಕೊಂಡು ಅದನ್ನು ಒತ್ತಿದರು. ಓಡಿಸಿದರು. ಯಂತ್ರ ಕಲ್ಲಾಯಿತು.

ಮೊದಲು ನಕ್ಕವನು ಗೇಲನ್. "ಹಿಮ ಬೆಳೆಯುತ್ತೆ ಅಂದಿದ್ದೆಯಲ್ಲೋ ಆರ್ವಿಡ್. ಪೂರ್ತಿ ಹೆಪ್ಪುಗಟ್ಟೇ ಹೋಯ್ತಲ್ಲ ಮಾರಾಯ."

ಸಭೆ ಮುಗಿದ ಮೇಲೆ ನಾನು ಕಚೇರಿಯ ಬಾಗಿಲು ಹಾಕಿಕೊಂಡು ಹಾಳೆಯನ್ನೂ ಪತ್ರಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ನೋಡಿದೆ. ಆರುನೂರ ನಲವತ್ತನೆಯ ಸಾಲು. ಆರ್ವಿಡ್‌ನ ಪೆನ್ಸಿಲಿನಲ್ಲಿ ನೂರಾ ಅರವತ್ತೊಂಬತ್ತು. ನನ್ನ ಟೈಪಿನಲ್ಲಿ ನೂರಾ ತೊಂಬತ್ತಾರು. ಕೆಳಗೆ ಬಾಯ್ಲರಿನ ಬೆಂಕಿ ಉರಿಯುತ್ತಿತ್ತು. ಐದು ಹಾಳೆಗಳನ್ನೂ ಅದಕ್ಕೆ ಹಾಕಿದೆ. ಕಾಗದ ಸುಡುವುದಕ್ಕೆ ಬೇಕಾದ ಹೊತ್ತು ಬಹಳ ಕಡಿಮೆ.

ಮರುದಿನ ಭಾನುವಾರ ಆರಾಧನೆ ಮುಗಿದೊಡನೆ ಆರ್ವಿಡ್ ಬಂದ. ಮನೆಯ ಯಂತ್ರದಲ್ಲಿ ನೋಡಿ ತಪ್ಪನ್ನು ಕಂಡುಹಿಡಿದಿದ್ದ. "ಆರ್ಲಿಸ್, ನನ್ನ ಹಾಳೇಲಿ ಆ ಸಾಲು ಹೇಗಿತ್ತು, ಸ್ವಲ್ಪ ನೋಡ್ತೀಯಾ? ಬರೋ ಸಂಚಿಕೇಲಿ ಒಂದು ತಿದ್ದುಪಡಿ ಹಾಕಿದ್ರೆ ಸಾಕು."

"ಹಾಳೆ ಎಸೆದುಬಿಟ್ಟೆ ಕಣೋ," ಎಂದೆ. "ಇದ್ದದ್ದನ್ನೇ ಹೊಡೆದಿದ್ದೀನಿ."

ಗೇಲನ್ ಪಕ್ಕದಲ್ಲೇ ಕೋಟು ಹಾಕಿಕೊಳ್ಳುತ್ತಿದ್ದ. "ಆರ್ಲಿಸ್ ತಪ್ಪು ಹೊಡೆಯೋದಾ? ಮನೆಗೆ ಹೋಗಿ ರಿಪೇರಿ ಮಾಡ್ಕೊಂಡು ಬಂದು ಅವಳ ತಲೆಗೆ ಕಟ್ತಿದ್ದೀಯಲ್ಲೋ. ನೀನು ಹಸುವಿನ ಕೆಚ್ಚಲು ನೋಡ್ಕೋ."

ಆರ್ವಿಡ್ ನನ್ನ ಮುಖವನ್ನೇ ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಹೊರಟ. ಹತ್ತು ನಿಮಿಷದ ನಂತರ ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಬೈಬಲಿನ ಎಂಟನೆಯ ಆಜ್ಞೆ ಹೇಳಿಕೊಟ್ಟೆ. ನೆರೆಯವನ ಹೆಸರನ್ನು ಕೆಡಿಸಬಾರದು ಎಂಬುದನ್ನು.

ಆ ವಸಂತದಲ್ಲಿ ಹೈಸ್ಕೂಲಿನವರು ಕಂಪ್ಯೂಟರ್ ಕಲಿಸಲು ಯಾರನ್ನು ಕರೆಯೋಣ ಎಂದು ಕೂಟವನ್ನು ಕೇಳಿದರು. ಆರ್ವಿಡ್‌ನ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಬೇರೆ ರೀತಿಯಲ್ಲಿ ಅವನ ಹೆಸರು ಊರಿನಲ್ಲಿ ಬೆಳೆಯಿತು. ಯಾರ ಯಂತ್ರ ಕಲ್ಲಾದರೂ ಗೇಲನ್ 'ಆರ್ವಿಡ್ ಆಯ್ತು' ಎನ್ನುತ್ತಿದ್ದ. ಕೂಟ ಹಾಗೆಂದಿತು. ಗೇಲನ್ ಶಾಲೆಗೆ ಕಲಿಸಲು ಹೋದ ಮೇಲೆ ಮಕ್ಕಳು ಹಾಗೆಂದರು. ಆ ಮಕ್ಕಳು ದೊಡ್ಡವರಾಗಿ ಬ್ಯಾಂಕಿನಲ್ಲಿ, ಗ್ಯಾರೇಜಿನಲ್ಲಿ, ಆಸ್ಪತ್ರೆಯಲ್ಲಿ ಕುಳಿತು ಹಾಗೆಂದರು. ಕಳೆದ ನವೆಂಬರಿನಲ್ಲಿ ಆರ್ವಿಡ್ ಟೈರು ಬದಲಿಸಲು ಹೋದಾಗ, ಕೌಂಟರಿನ ಹುಡುಗಿ ಪರದೆಯನ್ನು ಕುಟ್ಟುತ್ತ, "ಒಂದು ನಿಮಿಷ ತಾತ, ಇದು ಆರ್ವಿಡ್ ಆಗಿದೆ," ಎಂದಳಂತೆ. ಆಮೇಲೆ ರಸೀದಿ ಬರೆಯಲು, "ನಿಮ್ಮ ಹೆಸರು?" ಎಂದು ಕೇಳಿದಳಂತೆ.

"ಏನಂದೆ?" ಎಂದು ಕೂಟದಲ್ಲಿ ಎಲ್ಲರೂ ಕೇಳಿದರು.

"ಗೇಲನ್ ಅಂದೆ," ಎಂದ ಆರ್ವಿಡ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ನಲವತ್ತೊಂದು ವರ್ಷ ಅವನು ಒಂದು ಸಭೆಯನ್ನೂ ತಪ್ಪಿಸಲಿಲ್ಲ, ಒಂದು ಸಲವೂ ನಗದೆ ಇರಲಿಲ್ಲ.

ಈ ವರ್ಷ ಓದುವ ಹಬ್ಬಕ್ಕೆ ತನ್ನ ಪ್ರೋಗ್ರಾಂ ಆಗಲಿ ಎಂದು ಅವನೇ ಕೇಳಿದ. ಗೇಲನ್‌ಗೆ ಹಬ್ಬವೋ ಹಬ್ಬ. ಅವನು ಒಪ್ಪಿದ.

ಹಬ್ಬಕ್ಕೆ ಎರಡು ದಿನ ಮೊದಲು, ಗುರುವಾರ, ನಾನು ಭಾನುವಾರದ ಕೀರ್ತನೆಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಆರ್ವಿಡ್ ಬಂದು ಮುಂದಿನ ಬೆಂಚಿನಲ್ಲಿ ಕುಳಿತ. ಎಂಬತ್ತೊಂದು ವಯಸ್ಸು. ಇಂಗಾ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಯಂತ್ರ, ಟೇಪುಗಳು ಎಲ್ಲ ಯಾವುದೋ ಹರಾಜಿನಲ್ಲಿ ಹೋಗಿದ್ದವು.

"ಕಣ್ಣು ಹೋಗ್ತಾ ಇದೆ ಆರ್ಲಿಸ್," ಎಂದ. "ನಡುವೆ ಮಸುಕು. ಅಂಚು ಮಾತ್ರ ಕಾಣ್ತದೆ. ಬೇಸಿಗೆ ಹೊತ್ತಿಗೆ ಅದೂ ಇರಲ್ಲ ಅಂದ್ರು ಡಾಕ್ಟರು."

"ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಆರ್ವಿಡ್."

"ಮಾಡು, ಬೇಡ ಅನ್ನಲ್ಲ. ಅದರ ಜೊತೆ ಇನ್ನೊಂದು ಮಾಡು." ಅವನು ಬೆಂಚಿನ ಬೆನ್ನನ್ನು ಹಿಡಿದುಕೊಂಡ. "ಆ ಸಾಲು ಬಂದಾಗ ನೂರಾ ಅರವತ್ತೊಂಬತ್ತು ಅಂತ ಓದು. ಆರ್ವಿಡ್ ಹಾಳೇಲಿ ಹಾಗೇ ಇತ್ತು ಅಂತ ಒಂದು ಮಾತು ಹೇಳು. ಯಾಕೆ, ಯಾರು ಅಂತ ಏನೂ ಹೇಳೋದು ಬೇಡ. ಹಿಮ ಅಂಚಿನಿಂದ ತಾನೇ ಶುರುವಾಗೋದು. ನಂಗೆ ಕಾಣ್ತದೆ. ಅವರಿಗೂ ಒಂದ್ಸಲ ಕಾಣಲಿ."

ತಪ್ಪು ಹೊಡೆದವಳು ನಾನೇ ಎಂದು ಅವನಿಗೆ ಗೊತ್ತಿತ್ತು. ಮೊದಲ ಭಾನುವಾರದಿಂದಲೂ ಗೊತ್ತಿತ್ತು.

"ಓದ್ತೀನಿ," ಎಂದೆ.

"ಸರಿ ಹಾಗಾದ್ರೆ," ಎಂದು ಎದ್ದ. ಬಾಗಿಲವರೆಗೆ ಹೋಗಿ, "ಮೂರನೇ ಕೀರ್ತನೆ ಸ್ವಲ್ಪ ನಿಧಾನ ಆಯ್ತು. ಸತ್ತವರೂ ಎದ್ದು ಬಂದು ಮುಂದೆ ತಳ್ತಾರೆ," ಎಂದ.

ಶನಿವಾರ ನೆಲಮಾಳಿಗೆಯಲ್ಲಿ ಕಾಫಿಯ ಪಾತ್ರೆ ಗುಳುಗುಳು ಎನ್ನುತ್ತಿತ್ತು. ಗೇಲನ್ ಬೇಕರಿಯಿಂದ ಕೇಕು ತರಿಸಿದ್ದ. ಅದರ ಮೇಲೆ ನೀಲಿ ಸಕ್ಕರೆಯಲ್ಲಿ ಕಂಪ್ಯೂಟರಿನ ಪರದೆ, ಪರದೆಯ ಮೇಲೆ ಆರ್ವಿಡ್‌ನ ಹೆಸರು. ಆರ್ವಿಡ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನನ್ನು ಟೀವಿಯ ಎದುರಿಗೆ, ಸ್ವಲ್ಪ ಓರೆಯಾಗಿ ಕೂರಿಸಿದರು. ಓರೆಯಾಗಿ ಕೂತರೇ ಅವನಿಗೆ ಕಾಣುತ್ತಿದ್ದುದು.

ಒಂಬತ್ತೂವರೆಗೆ ಓದಲು ಶುರುಮಾಡಿದೆ. ಗೇಲನ್‌ನ ಬೆರಳುಗಳು ಈಗಲೂ ಚುರುಕು. ನನ್ನ ದನಿ, ಕೀಲಿಗಳ ಟಪಟಪ, ನಡುನಡುವೆ ಅವನ 'ಹ್ಞೂಂ'. ಅದು ನಮಗೆಲ್ಲ ಜಪವಿದ್ದಂತೆ. ಅಂಕಿಗಳ ಅರ್ಥ ಯಾರೂ ಕೇಳುವುದಿಲ್ಲ, ಒಂದೊಂದೂ ತನ್ನ ಜಾಗದಲ್ಲಿ ಬಿದ್ದರೆ ಸಾಕು. ಕೂಟಕ್ಕೆ ಹೊಸದಾಗಿ ಸೇರಿದ ಪಾಹೂವಾ ಎಂಬ ಟೀಚರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎರಡು ಗಂಟೆ ಕಳೆಯುವ ಹೊತ್ತಿಗೆ ಆರುನೂರ ಮೂವತ್ತು ಮುಗಿಯಿತು.

"ಆರುನೂರ ನಲವತ್ತು," ಎಂದೆ. "ಮೂವತ್ತೆರಡು. ನೂರಾ ಐದು. ಇನ್ನೂರಾ ಎಂಟು."

"ಹ್ಞೂಂ."

"ನೂರಾ ಅರವತ್ತೊಂಬತ್ತು."

ಹೇಳಿಬಿಟ್ಟೆ. ಆರ್ವಿಡ್‌ನ ಹೆಗಲು ಒಂದಿಷ್ಟು ಕೆಳಗಿಳಿದುದನ್ನು ನಾನು ಕಂಡೆ. ಹೊತ್ತ ಮೂಟೆಯನ್ನು ಇಳಿಸುವವನು ಹಾಗೆಯೇ ಇಳಿಸುತ್ತಾನೆ.

ಟಪಟಪ ನಿಂತಿತು. ಗೇಲನ್ ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು, ನನ್ನ ಕೈಯ ಪತ್ರಿಕೆಯತ್ತ ಬಾಗಿದ. "ತಡಿ ತಡಿ. ಇಲ್ಲಿ ನೂರಾ ತೊಂಬತ್ತಾರು ಇದೆಯಲ್ಲ. ಆರ್ಲಿಸ್ ತಪ್ಪು ಓದಿದಳಪ್ಪೋ. ಗೋಡೆ ಮೇಲೆ ತಾರೀಕು ಬರೆದಿಡ್ರೋ ಯಾರಾದ್ರೂ."

ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಒಬ್ಬ ಮುದುಕ, "ಅವಳಿಗೂ ವಯಸ್ಸಾಯ್ತು ಬಿಡು," ಎಂದ. ಇನ್ನೊಬ್ಬ, "ಅಯ್ಯೋ, ಆರ್ಲಿಸ್ ಆರ್ವಿಡ್ ಆದಳು," ಎಂದ. ಮತ್ತಷ್ಟು ನಗು.

"ತಪ್ಪಲ್ಲ ಅದು," ಎಂದ ಆರ್ವಿಡ್. ದನಿ ಎತ್ತರಿಸಲಿಲ್ಲ. "ಅವಳಿಗೆ ಗೊತ್ತು. ಹೇಳು ಆರ್ಲಿಸ್."

ಹದಿಮೂರು ಮುಖಗಳು ನನ್ನ ಕಡೆ ತಿರುಗಿದವು. ನಗು ಇನ್ನೂ ಅವುಗಳ ಮೇಲೆಯೇ ಇತ್ತು. ನನ್ನ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ಎರಡು ದಿನದಿಂದ ದೇವರ ಮುಂದೆ ಹೇಳಿ ಹೇಳಿ ನುಣುಪಾಗಿತ್ತು. ಆದರೆ ಆಗ ನನಗೆ ದೇವರು ಕಾಣಲಿಲ್ಲ, ಆರ್ವಿಡ್ ಕೂಡ ಕಾಣಲಿಲ್ಲ. ಕಂಡದ್ದು ಇಷ್ಟೇ: ನಾಳೆಯಿಂದ ಬ್ಯಾಂಕಿನಲ್ಲಿ, ಟೈರಿನ ಅಂಗಡಿಯಲ್ಲಿ, ಯಾರೋ ಏನೋ ತಪ್ಪು ಮಾಡಿ, ನಗುತ್ತ ನನ್ನ ಹೆಸರು ಹೇಳುತ್ತಾರೆ.

"ಕಣ್ಣು ಜಾರಿತು," ಎಂದೆ. "ನೂರಾ ತೊಂಬತ್ತಾರು."

ಜೀವಮಾನದಲ್ಲಿ ಆ ಸಾಲನ್ನು ಒಂದೇ ಒಂದು ಸಲ ಸರಿಯಾಗಿ ಓದಿದ್ದೆ. ಅದನ್ನೇ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡೆ.

"ಹ್ಞೂಂ," ಎಂದ ಗೇಲನ್. ಟಪಟಪ ಮತ್ತೆ ಶುರುವಾಯಿತು.

ಇನ್ನೂ ಮೂವತ್ತೊಂದು ಸಾಲುಗಳಿದ್ದವು. ಅವನ್ನೆಲ್ಲ ಓದಿದೆ. ದನಿ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಪ್ರತಿ ಅಂಕಿಯೂ ಸರಿಯಾಗಿ, ಸ್ಪಷ್ಟವಾಗಿ, ಹೆಣದ ಅಂಗಿಗೆ ಗುಂಡಿ ಹಾಕುವ ಹಾಗೆ. ಆರ್ವಿಡ್ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಓರೆಯಾಗಿ ಕುಳಿತು ಟೀವಿಯ ಅಂಚನ್ನೇ ನೋಡುತ್ತಿದ್ದ.

ಕೊನೆಗೆ ಗೇಲನ್ ಕುರ್ಚಿ ಹಿಂದಕ್ಕೆ ಸರಿಸಿದ. "ನಿನ್ನ ಕೂಸು, ನೀನೇ ಒತ್ತು ಬಾರೋ," ಎಂದ. ಇಬ್ಬರು ಆರ್ವಿಡ್‌ನನ್ನು ತೋಳು ಹಿಡಿದು ಕರೆತಂದರು. ಗೇಲನ್ ಅವನ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟ. ಏನಾಗುತ್ತದೆಂದು ಆ ಕೋಣೆಯಲ್ಲಿ ಖಚಿತವಾಗಿ ಗೊತ್ತಿದ್ದವರು ಇಬ್ಬರೇ. ಅವನು ಒತ್ತಿದ.

ಚೌಕ ನಿಂತಿತು. ಪರದೆ ನೀಲಿ ಕಲ್ಲು.

"ಆರ್ವಿಡ್ ಆಯ್ತು," ಎಂದರು ಎಲ್ಲರೂ ಒಟ್ಟಿಗೆ, ಆರಾಧನೆಯಲ್ಲಿ ಆಮೆನ್ ಎಂದ ಹಾಗೆ. ಚಪ್ಪಾಳೆ ಹೊಡೆದರು. ಬೆನ್ನು ತಟ್ಟಿದರು. ಅವರಿಗೆ ಅವನ ಮೇಲೆ ನಿಜವಾಗಿಯೂ ಪ್ರೀತಿ ಇತ್ತು.

ಪಾಹೂವಾ ಮಾತ್ರ ಕೈ ಎತ್ತಿದಳು. "ಸರ್, ಅವರು ಹೇಳಿದ ಇನ್ನೊಂದು ನಂಬರು ಹಾಕಿ ನೋಡಬಹುದಲ್ವಾ?"

"ಎಲ್ಲಿ ಹಾಕ್ತೀಯಮ್ಮಾ? ಆರಿಸಿದ್ರೆ ಎಲ್ಲಾ ಹೋಯ್ತು," ಎಂದು ಗೇಲನ್ ಸ್ವಿಚ್ಚು ಆರಿಸಿದ. "ಮತ್ತೆ ಮೂರು ಗಂಟೆ ಬೇಕು. ಮುಂದಿನ ವರ್ಷ ನೋಡೋಣ. ಈಗ ಹಾಟ್‌ಡಿಶ್ ತಣ್ಣಗಾಗ್ತಿದೆ."

ಆರ್ವಿಡ್ ತನ್ನ ಹೆಸರಿದ್ದ ಕೇಕನ್ನು ಕತ್ತರಿಸಿದ. ನಡು ಕಾಣದೆ ಚಾಕು ಓರೆಯಾಯಿತು. ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದ. ನಗಲಿಲ್ಲ. ನಲವತ್ತೊಂದು ವರ್ಷದಲ್ಲಿ ಅವನು ನಗದೆ ಇದ್ದುದನ್ನು ನಾನು ಕಂಡದ್ದು ಅಂದೇ. ಉಳಿದವರು ಗಮನಿಸಲಿಲ್ಲ. ನಾನು ಕೇಕು ತಿಂದೆ. ರುಚಿಯಾಗಿತ್ತು, ಅದನ್ನೂ ಹೇಳಬೇಕು.

ಮಾರ್ಚಿಯ ಸಭೆಗೆ ಅವನು ಬರಲಿಲ್ಲ. ಏಪ್ರಿಲಿಗೂ ಬರಲಿಲ್ಲ. "ಮುದುಕ ಆರ್ವಿಡ್ ಆಗಿದ್ದಾನೆ ಅನ್ಸುತ್ತೆ," ಎಂದ ಗೇಲನ್. ಆಮೇಲೆ ತನ್ನ ಮಾತಿಗೆ ತಾನೇ ಸ್ವಲ್ಪ ನಾಚಿಕೊಂಡು ಕಾಫಿ ಹಾಕಿಕೊಂಡ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಚರ್ಚಿನ ಕಚೇರಿಯಲ್ಲಿ ಹಳೆಯ ಟೈಪ್‌ರೈಟರಿನ ಹೊದಿಕೆ ತೆಗೆದು, ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಹೊಡೆದೆ. ಅದನ್ನು ತೆಗೆದುಕೊಂಡು ಅವನ ಮನೆಗೆ ಹೋದೆ. ಅವನು ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕುಳಿತಿದ್ದ. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು ರೇಡಿಯೊ ಆರಿಸಿದ.

"ಕೂತ್ಕೋ ಆರ್ಲಿಸ್. ಕಾಫಿ ನೀನೇ ಮಾಡ್ಕೋಬೇಕು."

"ಕಾಫಿ ಬೇಡ. ಒಂದು ಕಾಗದ ತಂದಿದ್ದೀನಿ."

"ನಂಗೆ ಕಾಣಲ್ಲ. ಓದು. ಓದೋಳು ನೀನೇ ಅಲ್ವಾ."

ಓದಿದೆ. "ತಿದ್ದುಪಡಿ. ಸಾವಿರದ ಒಂಬೈನೂರ ಎಂಬತ್ತಮೂರು, ಮಾರ್ಚಿ ಸಂಚಿಕೆ. ಆರ್ವಿಡ್ ಸ್ಕೋಗೆನ್ ಅವರ ಪ್ರೋಗ್ರಾಂನ ಆರುನೂರ ನಲವತ್ತನೆಯ ಸಾಲಿನಲ್ಲಿ ನೂರಾ ತೊಂಬತ್ತಾರು ಎಂದು ಇರುವುದನ್ನು ನೂರಾ ಅರವತ್ತೊಂಬತ್ತು ಎಂದು ಓದಿಕೊಳ್ಳಬೇಕು. ಅವರ ಕೈಬರಹದಲ್ಲಿ ಸರಿಯಾಗಿಯೇ ಇತ್ತು. ತಪ್ಪು ಟೈಪು ಮಾಡಿದವಳದು."

ಕಿಟಕಿಯಾಚೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಆ ಯಂತ್ರದ ಸದ್ದು ಬೀದಿಯ ತುದಿಗೆ ಹೋಗಿ ತಿರುಗಿ ಬಂತು.

"ಎಷ್ಟು ಪ್ರತಿ ತೆಗೆದೆ?" ಎಂದ.

"ಇದೊಂದೇ."

ಅವನು ತಲೆಯಾಡಿಸಿದ. ಕೈ ಚಾಚಿದ. ಕಾಗದ ಎಲ್ಲಿದೆಯೆಂದು ಕಾಣದೆ ಆ ಕೈ ನನ್ನಿಂದ ಒಂದು ಮೊಳ ದೂರದಲ್ಲಿ ಖಾಲಿ ಗಾಳಿಯಲ್ಲಿ ನಿಂತಿತ್ತು. ನಾನೇ ಎದ್ದು ಹೋಗಿ ಅವನ ಅಂಗೈಯೊಳಗೆ ಅದನ್ನು ಇಟ್ಟೆ.